ಸಾಹೇಬರೇ, ಉದ್ರಿ ನಮ್ಮ ಚಟ ಅಲ್ಲ

ನಿನ್ನೆ ಸಂಜೆ ಒಂದು ಉಪನ್ಯಾಸಕ್ಕೆ ಹೋಗಿ ಬಂದೆ. ತಲೆ ಕೆಟ್ಟು ಹೋಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿಲ್ಲದವರು ಸುಮ್ನೆ ಲೈಕ್ ಒತ್ತಿ ಮುಂದೆ ಹೋಗಿ, ಬೇಜಾರಿಲ್ಲ.

ವಿಷಯ ಏನಪ್ಪಾ ಅಂದರೆ, ಆರ್ಥಿಕ ಹಿಂಜರಿತ ಬಂದಾಗ ಮನೆ ಖರ್ಚು ನಿಭಾಯಿಸುವುದು ಹೇಗೆ. ನಮ್ಮ ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದ ಕೆಲಸಗಾರರು, ವಡಗಾವಿ ಕಡೆಯ ನೇಕಾರರು, ಸಂಘದ ಹೆಣ್ಣುಮಕ್ಕಳು, ಎಲ್ಲರನ್ನೂ ಕರೆಸಿ ಕೂರಿಸಿದ್ದರು. ಮಾತಾಡಲು ಬೆಂಗಳೂರಿನಿಂದ ಒಬ್ಬ ಸಾಹೇಬರು. ಕಾಲರಿಗೆ ಮೈಕು, ಗೋಡೆ ಮೇಲೆ ಸ್ಲೈಡು. ಆರು ತಿಂಗಳ ಖರ್ಚಿಗಾಗುವಷ್ಟು ದುಡ್ಡು ಯಾವಾಗಲೂ ಬ್ಯಾಂಕಿನಲ್ಲಿ ಇರಬೇಕಂತೆ. ಆಯ್ತು. ಹೊರಗಿನ ಚಹಾ ಬಿಡಬೇಕಂತೆ. ಅದೂ ಆಯ್ತು. ಆಮೇಲೆ ಕೆಂಪು ಅಕ್ಷರದ ಒಂದು ಸ್ಲೈಡ್ ಬಂತು. "ಉದ್ರಿ ಎಂಬ ಚಟ." ಕಿರಾಣಿ ಅಂಗಡಿಯಲ್ಲಿ ಉದ್ರಿ, ಅಂದರೆ ಸಾಲ, ಬರೆಸುವುದು ಶಿಸ್ತಿಲ್ಲದವರ ಲಕ್ಷಣ, ನಮ್ಮ ಬಡತನಕ್ಕೆ ಅದೇ ಮೂಲ ಅಂದರು. ಪಕ್ಕದಲ್ಲಿ ಕೂತಿದ್ದ ಮೋಲ್ಡರ್ ಮಾಮಾ ನನ್ನ ಕಿವಿಯಲ್ಲಿ, "ಚಾ ಕೊಡ್ತಾರಂತ ಕುಂತೀನಿ ನೋಡ ತಮ್ಮಾ, ಇಲ್ಲಂದ್ರ ಆಗಳೇ ಎದ್ದ ಹೊಕ್ಕಿದ್ದೆ" ಅಂದರು.

ನಿಮಗೆ ಗೊತ್ತೇ ಇದೆ, ನಾನು ಲೆಕ್ಕ ಬರೆಯುವವನು. ಸಣ್ಣ ಸಣ್ಣ ಮಷಿನ್ ಶಾಪ್‌ಗಳ ಜಿಎಸ್‌ಟಿ ರಿಟರ್ನ್ ತುಂಬಿ ಹೊಟ್ಟೆ ಹೊರೆಯುತ್ತೇನೆ. ಅಪ್ಪ ಫೌಂಡ್ರಿಯಲ್ಲಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಮೋಲ್ಡಿಂಗ್ (ಅಚ್ಚಿನ ಕೆಲಸ) ಮಾಡಿಯೇ ನಮ್ಮನ್ನು ಓದಿಸಿದ್ದು. ಹಾಗಾಗಿ ಉದ್ರಿಯ ಎರಡೂ ಬದಿ ನೋಡಿದ್ದೇನೆ. ಅಂಗಡಿಗೆ ಚೀಟಿ ಹಿಡಿದುಕೊಂಡು ಹೋದ ಹುಡುಗನೂ ನಾನೇ, ಈಗ ಯಾರು ಯಾರಿಗೆ ಎಷ್ಟು ದಿನದಿಂದ ಬಾಕಿ ಅಂತ ಪಟ್ಟಿ ಮಾಡುವವನೂ ನಾನೇ.

ಸತತ ಎರಡು ತ್ರೈಮಾಸಿಕ ಜಿಡಿಪಿ ಇಳಿದರೆ ಅದು ಹಿಂಜರಿತ ಅಂತ ಸಾಹೇಬರು ಹೇಳಿದರು. ಪುಸ್ತಕದ ಪ್ರಕಾರ ಸರಿ. ಆ ಲೆಕ್ಕದಲ್ಲಿ ನಮಗೆ ಹಿಂಜರಿತ ಬಂದಿದ್ದು 2020ರಲ್ಲಿ. ಏಪ್ರಿಲ್‌ನಿಂದ ಜೂನ್ ತನಕ ಶೇ. 23.9 ಕುಸಿತ ಅಂತ ಆಗ ಪ್ರಕಟವಾಯಿತು, ಮುಂದಿನ ಮೂರು ತಿಂಗಳೂ ಕುಸಿತವೇ. ಹಾಗಾದರೆ 2008? ಆ ವರ್ಷ ದೇಶದ ಜಿಡಿಪಿ ಬೆಳೆಯುತ್ತಲೇ ಇತ್ತು. ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ದಿವಾಳಿ ಎದ್ದಿತು. ದೀಪಾವಳಿ ಕಳೆಯುವಷ್ಟರಲ್ಲಿ ಅಪ್ಪನ ಫೌಂಡ್ರಿಗೆ ರಫ್ತಿನ ಕಾಸ್ಟಿಂಗ್ ಆರ್ಡರ್ ನಿಂತುಹೋಯಿತು. ಕಬ್ಬಿಣ ಕರಗಿಸುವ ಕುಪೋಲಾ ಕುಲುಮೆ ವಾರಕ್ಕೆ ಎರಡೇ ದಿನ ಉರಿಯತೊಡಗಿತು. ಉಳಿದ ದಿನ ಕೆಲಸ ಇಲ್ಲ, ಕೆಲಸ ಇಲ್ಲದ ದಿನಕ್ಕೆ ಪಗಾರ ಇಲ್ಲ. 2019ರಲ್ಲಿ ಗಾಡಿಗಳ ಮಾರಾಟ ಬಿದ್ದಾಗಲೂ ಅಷ್ಟೇ. ದೇಶದ ಪಟ್ಟಿಯಲ್ಲಿ ಹಿಂಜರಿತ ಇಲ್ಲ, ಉದ್ಯಮಬಾಗದಲ್ಲಿ ಇದೆ. ಮೂರು ತಿಂಗಳಿಗೊಮ್ಮೆ ಬರುವ ಜಿಡಿಪಿ ಅಂಕಿ ಆ ವರ್ಷಗಳಲ್ಲಿ ಅಸಂಘಟಿತ ವಲಯವನ್ನು ನೇರವಾಗಿ ಅಳೆಯುತ್ತಲೇ ಇರಲಿಲ್ಲ. ಬಹುಪಾಲು ದೊಡ್ಡ ಕಂಪನಿಗಳ ಅಂಕಿ ನೋಡಿ, ಸಣ್ಣವರೂ ಹೀಗೇ ಇರಬಹುದು ಅಂತ ಅಂದಾಜು ಹಾಕುತ್ತಿದ್ದರು. ನಾನು ಹಾಗೆ ಅಂದಾಜಿನ ಮೇಲೆ ರಿಟರ್ನ್ ತುಂಬಿದರೆ ನೋಟಿಸ್ ಬರುತ್ತದೆ!

ನೇಕಾರರಿಗೆ ಇನ್ನೂ ಸರಳ. ಮಾಲೀಕ ನೂಲು ಸುತ್ತಿದ ಬೀಮು ಕೊಟ್ಟರೆ ಕೆಲಸ, ಕೊಡದಿದ್ದರೆ ಹಿಂಜರಿತ. ಖಾಸಬಾಗದಲ್ಲಿ ಹೇಗೋ ರಬಕವಿ-ಬನಹಟ್ಟಿಯಲ್ಲೂ ಹಾಗೆಯೇ. ಅಕ್ಕನನ್ನು ಅಲ್ಲಿಗೇ ಕೊಟ್ಟಿದ್ದೇವೆ. ಫೋನ್ ಮಾಡಿದಾಗ ಹಿಂದಿನಿಂದ ಮಗ್ಗದ ಸದ್ದು ಕೇಳಿಸದಿದ್ದರೆ, ಭಾವ ಹೇಗಿದ್ದಾರೆ ಅಂತ ನಾನು ಕೇಳುವುದೇ ಇಲ್ಲ. ಮಕ್ಕಳ ಪರೀಕ್ಷೆ, ಮಳೆ, ಹೀಗೆ ಏನಾದರೂ ಮಾತಾಡಿ ಇಡುತ್ತೇನೆ.

ಚಹಾ ಬಿಡಿ ಅಂದರಲ್ಲ, ಅದಕ್ಕೂ ಉತ್ತರ ಹೇಳಿಬಿಡುತ್ತೇನೆ. ಮಂದಿ ಮೊದಲು ಬಿಡುವುದು ಚಹಾ ಅಲ್ಲ, ಅದು ಕಟ್ಟಕಡೆಗೆ. ಉದ್ಯಮಬಾಗದಲ್ಲಿ ಯಾವ ಶಾಪಿಗೆ ಆರ್ಡರ್ ಬಂದಿದೆ, ಯಾರಿಗೆ ಲೇತ್ ಮಷಿನ್ ನಡೆಸುವ ಟರ್ನರ್ ಬೇಕಾಗಿದ್ದಾನೆ ಅಂತ ತಿಳಿಯುವುದು ಚಹಾದಂಗಡಿಯಲ್ಲೇ. ಕೆಲಸ ಹೋದವನು ಅಲ್ಲಿ ಹೋಗಿ ನಿಲ್ಲದೆ ಮನೆಯಲ್ಲಿ ಕೂತು ಬಜೆಟ್ ಬರೆಯಬೇಕಾ? ಮೊದಲು ಹೋಗುವುದು ಹಲ್ಲಿನ ಡಾಕ್ಟರು. ಆಮೇಲೆ ಕನ್ನಡಕದ ನಂಬರು. ಆಮೇಲೆ ಟ್ಯೂಷನ್, ಅದೂ ಮಗಳದ್ದು ಮೊದಲು, ಮಗನದ್ದು ಆಮೇಲೆ. (ಇದನ್ನು ಒಪ್ಪದವರು ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ. ನನ್ನ ಕಕ್ಷಿದಾರರ ಮನೆಗಳನ್ನು ನಾನು ನೋಡಿದ್ದೇನೆ.) ಎಣ್ಣೆ ಒಂದು ಲೀಟರಿನಿಂದ ಅರ್ಧ ಲೀಟರಿಗೆ ಇಳಿಯುತ್ತದೆ. ಶನಿವಾರದ ಸಂತೆಗೆ ಸಂಜೆ ಹೋಗುತ್ತಿದ್ದವರು ರಾತ್ರಿ ಹೋಗುತ್ತಾರೆ. ಅಷ್ಟೊತ್ತಿಗೆ ಕಾಯಿಪಲ್ಯ ಬಾಡಿರುತ್ತದೆ, ರೇಟೂ ಇಳಿದಿರುತ್ತದೆ. ರೊಟ್ಟಿ ಜೊತೆ ಪಲ್ಯ ಹೋಗಿ ಶೇಂಗಾ ಹಿಂಡಿ ಬರುತ್ತದೆ, ಅದೂ ತುಟ್ಟಿ ಅನಿಸಿದರೆ ಅಗಸಿ ಹಿಂಡಿ. ಗಣಪತಿ ವರ್ಗಣಿ (ಚಂದಾ) ಮಾತ್ರ ಯಾರೂ ಇಳಿಸುವುದಿಲ್ಲ. ಯಾಕೆ ಅಂತ ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ.

ಊರಲ್ಲಿ ತುಂಡು ಹೊಲ ಇದ್ದವರು ಊರು ಸೇರುತ್ತಾರೆ. 2020ರಲ್ಲಿ ಬೈಲಹೊಂಗಲ, ಖಾನಾಪುರ ಕಡೆಯ ಎಷ್ಟೋ ಹುಡುಗರು ಹಾಗೇ ಹೋದರು. ಲೇತ್ ಮೇಲೆ ಕೈ ಪಳಗಿದವರು ಉದ್ಯೋಗ ಖಾತ್ರಿಯಲ್ಲಿ ಬದು ಹಾಕಿದರು, ದಿನಕ್ಕೆ 275 ರೂಪಾಯಿ. ಆ ವರ್ಷ ದೇಶದಲ್ಲಿ 389 ಕೋಟಿ ಮಾನವ ದಿನಗಳ ಕೆಲಸ ಆಯಿತಂತೆ. ಶಿಸ್ತಿಲ್ಲದ ಮಂದಿ ನೋಡಿ, ಬಿಸಿಲಲ್ಲಿ ಮಣ್ಣು ಹೊತ್ತರು.

ಈಗ ಉದ್ರಿಗೆ ಬರುತ್ತೇನೆ. ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಇದೆ. ಬೋರ್ಡಿನ ಕೆಳಗೇ ಉದ್ರಿ ಪುಸ್ತಕ! ಲಾಕ್‌ಡೌನ್ ಹೊತ್ತಿನಲ್ಲಿ ಅಂಗಡಿ ಕಾಕಾ ಜೋಳ, ಬೇಳೆ, ಎಣ್ಣೆ ಕೊಡುತ್ತಲೇ ಹೋದರು. ಬ್ಯಾಂಕಿನವರು ಸಾಲಕ್ಕೆ ಮುಂಚೆ ನೋಡುವ ಸಿಬಿಲ್ ಸ್ಕೋರನ್ನು ಅವರು ಯಾರದ್ದೂ ನೋಡಲಿಲ್ಲ. ಅವರು ನೋಡುವುದೇ ಬೇರೆ. ಮನೆಯಲ್ಲಿ ದುಡಿಯುವವರು ಯಾರು, ಕುಡಿಯುವವರು ಯಾರು, ಹಿಂದೆ ಕೆಲಸ ಹೋದಾಗ ಎಷ್ಟು ತಿಂಗಳಲ್ಲಿ ತೀರಿಸಿದರು. ಗುಟ್ಕಾ, ಸಿಗರೇಟು ಉದ್ರಿ ಕೇಳಿದರೆ ಓಡಿಸುತ್ತಾರೆ. ಸಾಲ ಕೊಡುವ ಮುಂಚೆ ಯಾವ ಬ್ಯಾಂಕಿನ ಮ್ಯಾನೇಜರ್ ಇಷ್ಟು ವಿಚಾರಿಸುತ್ತಾನೆ ಹೇಳಿ. "ಕಾಕಾ, ಹಿಂಗ ಕೊಟ್ಟರ ನೀವ ಮುಳುಗ್ತೀರಿ" ಅಂತ ಒಮ್ಮೆ ಅಂದಿದ್ದೆ. "ಓಣಿ ಮಂದಿ ಎಲ್ಲಾ ಮುಳುಗಿದ ಮ್ಯಾಲ ನಾ ಯಾರಿಗೆ ಮಾರ್ಲಿ?" ಅಂದರು. ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದರೆ ಎಲ್ಲರ ಗಳಿಕೆಯೂ ಬೀಳುತ್ತದೆ ಅಂತ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಒಂದು ದಪ್ಪ ಪುಸ್ತಕದಲ್ಲಿ ವಿವರಿಸಿದ್ದ. ಕಾಕಾ ಏಳನೆಯ ಇಯತ್ತೆ ಓದಿದವರು.

ಇನ್ನು ಭಿಶಿ, ಅಂದರೆ ಓಣಿಯವರೇ ಸೇರಿ ಹಾಕುವ ಚೀಟಿ. ಸಾಹೇಬರು ಅದರ ಹೆಸರನ್ನೂ ಎತ್ತಲಿಲ್ಲ, ಬಹುಶಃ ಕೇಳಿಯೇ ಇಲ್ಲ. ಇಪ್ಪತ್ತು ಜನ ತಿಂಗಳಿಗೆ ಎರಡು ಸಾವಿರದಂತೆ ಹಾಕಿದರೆ ನಲವತ್ತು ಸಾವಿರ. ಯಾರಿಗೆ ತುರ್ತಾಗಿ ಬೇಕೋ ಅವರು ಕಡಿಮೆಗೆ ಕೂಗಿ ಎತ್ತುತ್ತಾರೆ, ಬಿಟ್ಟ ದುಡ್ಡು ಎಲ್ಲರಿಗೂ ಹಂಚಿಕೆ. ಕೆಲಸ ಚೆನ್ನಾಗಿ ನಡೆಯುವಾಗ ಮೂವತ್ತೇಳು ಸಾವಿರದ ಕೆಳಗೆ ಯಾರೂ ಇಳಿಯುವುದಿಲ್ಲ. ಕೂಗು ಮೂವತ್ತೆರಡಕ್ಕೆ ಇಳಿಯಿತು ಅಂದರೆ ಓಣಿಯಲ್ಲಿ ದುಡ್ಡಿಲ್ಲ ಅಂತ ಅರ್ಥ. ಮಂದಗತಿ ಬಂತಾ ಇಲ್ಲವಾ ಅಂತ ನಾನು ಪೇಪರ್ ನೋಡುವುದನ್ನು ಬಿಟ್ಟಿದ್ದೇನೆ. ನನ್ನ ಹೆಂಡತಿ ಭಿಶಿಯಿಂದ ಬಂದು ಕೂಗಿನ ರೇಟ್ ಹೇಳುತ್ತಾಳೆ, ಅಷ್ಟು ಸಾಕು.

ಹೆಂಡತಿ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಅವಳ ಪಾಟ್ಲಿ (ಬಂಗಾರದ ಬಳೆ) 2020ರಿಂದ ಸಾಲ ಕೊಡುವ ಸಹಕಾರಿ ಸೊಸೈಟಿಯಲ್ಲಿ ಒತ್ತೆ ಇವೆ. ಅವು ನಮ್ಮ ಕೈಗೆ ಮತ್ತೆ ಬಂದೇ ಇಲ್ಲ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ರಿನ್ಯೂ ಮಾಡುತ್ತೇವೆ. ಬಂಗಾರದ ರೇಟ್ ಏರಿದಂತೆ ಅದೇ ಪಾಟ್ಲಿ ಮೇಲೆ ಇನ್ನಷ್ಟು ಎತ್ತಿದ್ದೇವೆ. 2025ರಲ್ಲಿ ಹತ್ತು ಗ್ರಾಮಿಗೆ ಒಂದು ಲಕ್ಷ ದಾಟಿತಲ್ಲ, ಟಿವಿಯಲ್ಲಿ ಎಲ್ಲರೂ ಅಯ್ಯೋ ಅಂದರು. ನಮ್ಮ ಮನೆಯಲ್ಲಿ ಮಗನ ಡಿಪ್ಲೊಮಾ ಫೀ ಕಟ್ಟಿದೆವು. ನಾವೊಬ್ಬರೇ ಅಲ್ಲ. ಬ್ಯಾಂಕುಗಳು ಕೊಟ್ಟ ಬಂಗಾರದ ಸಾಲ 2024ರ ಮಾರ್ಚ್‌ನಿಂದ 2025ರ ಮಾರ್ಚ್‌ಗೆ ದುಪ್ಪಟ್ಟಾಗಿದೆ. ಮದುವೆಗೆ ಹೋಗುವಾಗ ಅವಳು ತೊಡುವುದು ಒಂದು ಗ್ರಾಂ ಗೋಲ್ಡಿನದ್ದು. ಈಗ ನೆಂಟರಿಗೆಲ್ಲ ಗೊತ್ತಾಯಿತು. ಆಗಲಿ. ಅವರ ಮನೆಯದ್ದೂ ಎಲ್ಲಿದೆ ಅಂತ ನನಗೆ ಗೊತ್ತು, ಅದೇ ಸೊಸೈಟಿಯಲ್ಲಿ ಸಿಗುತ್ತಾರೆ.

"ಉದ್ರಿ ಕೊಟ್ಟು ಕೊಟ್ಟು ಎಷ್ಟು ಅಂಗಡಿ ಮುಚ್ಚಿವೆ ನೋಡು, ಬ್ಯಾಂಕಿಗೆ, ಫೈನಾನ್ಸಿಗೆ ಹೋಗಲಿ" ಅಂತ ಕೆಲವು ಗೆಳೆಯರು ಹೇಳುತ್ತೀರಿ. ಅಂಗಡಿ ಮುಚ್ಚಿರುವುದು ನಿಜ. ಟೋಪಿ ಹಾಕಿ ಓಣಿ ಬಿಟ್ಟವರೂ ಇದ್ದಾರೆ. ಆದರೆ ಫೈನಾನ್ಸ್ ಅಂದಿರಲ್ಲ, ಅದೇ ಮೈಕ್ರೋ ಫೈನಾನ್ಸ್, ಆ ಕಥೆ ಏನಾಯಿತು? ವಾರದ ಕಂತು. ಕೆಲಸ ಇದ್ದ ವಾರಕ್ಕೂ ಕಂತು, ಇಲ್ಲದ ವಾರಕ್ಕೂ ಕಂತು. ಒಂದನ್ನು ತೀರಿಸಲು ಇನ್ನೊಂದು. ಬಲವಂತದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು, ಹತ್ತು ವರ್ಷದ ತನಕ ಜೈಲು ಅಂತ. ಅಂಗಡಿ ಕಾಕಾನ ವಿರುದ್ಧ ಯಾವ ಸರ್ಕಾರವೂ ಸುಗ್ರೀವಾಜ್ಞೆ ತಂದಿಲ್ಲ. ಅವರು ಕಾಯುತ್ತಾರೆ. ಆರು ತಿಂಗಳ ದುಡ್ಡು ಬ್ಯಾಂಕಿನಲ್ಲಿ ಇಡಲು ಆಗದವನಿಗೆ ಆರು ತಿಂಗಳು ಕಾಯುವ ಒಬ್ಬ ಮನುಷ್ಯ ಬೇಕು. ಇದು ಸ್ಲೈಡಿನಲ್ಲಿ ಯಾಕೆ ಬರಲಿಲ್ಲ?

ಈಗ ನನ್ನ ಅಸಲಿ ಸಿಟ್ಟು. ಕೆಲಸಗಾರನ ಪಗಾರ ಯಾಕೆ ನಿಲ್ಲುತ್ತದೆ? ಶಾಪಿನವನಿಗೆ ದುಡ್ಡು ಬಂದಿಲ್ಲ. ಅವನಿಗೆ ಯಾಕೆ ಬಂದಿಲ್ಲ? ಫೌಂಡ್ರಿಯವರು ಕೊಟ್ಟಿಲ್ಲ. ಫೌಂಡ್ರಿಗೆ ಪುಣೆಯ ದೊಡ್ಡ ಕಂಪನಿ ಕೊಟ್ಟಿಲ್ಲ. ಮಾರುಕಟ್ಟೆ ಸ್ವಲ್ಪ ಇಳಿಯಿತು ಅಂದರೆ ಸಾಕು, ಬಿಲ್ಲಿನ ದುಡ್ಡು ಕೊಡುವ ಗಡುವು ಅರವತ್ತು ದಿನ ಇದ್ದದ್ದು ತೊಂಬತ್ತಾಗುತ್ತದೆ, ತೊಂಬತ್ತು ನೂರಿಪ್ಪತ್ತಾಗುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಉದ್ರಿ ಮಾಡುತ್ತಾರೆ, ಅದೂ ಬಡ್ಡಿ ಇಲ್ಲದೆ, ಅದೂ ನಾಲ್ಕು ಲೇತ್ ಇಟ್ಟುಕೊಂಡವನ ಹತ್ತಿರ! ಆ ಉದ್ರಿಯ ಭಾರ ಒಬ್ಬರಿಂದ ಒಬ್ಬರಿಗೆ ಇಳಿಯುತ್ತಾ ಬಂದು ಕೊನೆಗೆ ಅಂಗಡಿ ಕಾಕಾನ ಪುಸ್ತಕದಲ್ಲಿ ಕೂರುತ್ತದೆ. ರವಿವಾರ ಪೇಟೆಯ ಹೋಲ್‌ಸೇಲ್ ವ್ಯಾಪಾರಿ ಕಾಕಾನಿಗೆ ಕಾಯುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಯವನ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದರು. ಅವಧಿ ಮೀರಿದ ಬಾಕಿಯನ್ನು ಮಾಲು ಕೊಂಡ ಕಂಪನಿ ದುಡ್ಡು ಕೊಡುವ ತನಕ ಖರ್ಚು ಅಂತ ತೋರಿಸುವಂತಿಲ್ಲ. ನಾನು ಖುಷಿಪಟ್ಟಿದ್ದೆ. ಆಗಿದ್ದೇನು ಗೊತ್ತಾ? ನನ್ನ ಕಕ್ಷಿದಾರರೊಬ್ಬರಿಗೆ ದೊಡ್ಡ ಗಿರಾಕಿಯಿಂದ ಫೋನ್ ಬಂತು. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸಿದ ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿ, ಇಲ್ಲಂದ್ರೆ ಬೇರೆಯವರಿಗೆ ಕೊಡ್ತೀವಿ ಅಂತ. ಬಡ್ಡಿ ಕೇಳುವುದು ದೂರದ ಮಾತು. ಕೇಳಿದವನಿಗೆ ಮುಂದಿನ ಆರ್ಡರ್ ಇರುವುದಿಲ್ಲ.

ಇದರ ಬಗ್ಗೆ ಸಾಹೇಬರಿಗೆ ಪ್ರಶ್ನೆ ಕೇಳಿದೆ. "ಅದು ಬಿಸಿನೆಸ್ ವಿಷಯ, ಇವತ್ತಿನ ಟಾಪಿಕ್ ಅಲ್ಲ" ಅಂದರು. ಸಂಘದ ಹೆಣ್ಣುಮಕ್ಕಳಿಗೆ ಪಾಠ, ಖರೀದಿ ವಿಭಾಗದ ಮ್ಯಾನೇಜರಿಗೆ ಇಲ್ಲ. ತಿಂಗಳ ರೇಷನ್ ಬರೆಸಿದವಳಿಗೆ ಚಟ.

ಒಂದು ಕಡೆ ಉಳಿಸಿ ಅನ್ನುತ್ತಾರೆ. ಇನ್ನೊಂದು ಕಡೆ 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಇಳಿಸಿ ಕೇಂದ್ರ ಸರ್ಕಾರದವರು ಉಳಿತಾಯದ ಉತ್ಸವ ಅಂದರು. ಉಳಿಸಬೇಕಾದರೆ ಖರೀದಿ ಮಾಡಬೇಕಂತೆ. ಮೋಲ್ಡರ್ ಮಾಮಾ ಎರಡೂ ಮಾಡಲು ತಯಾರಿದ್ದಾರೆ, ಬಾಕಿ ಪಗಾರ ಬಂದರೆ.

ನನ್ನ ಫ್ರೆಂಡ್ ಲಿಸ್ಟಿನಲ್ಲಿ ದೊಡ್ಡ ಕಾರ್ಖಾನೆಗಳ ಖರೀದಿ ವಿಭಾಗದವರು ಕೆಲವರಿದ್ದೀರಿ, ಹೆಸರು ಹಾಕುವುದಿಲ್ಲ. ಈ ಪೋಸ್ಟ್ ಓದಿ "ಅದ್ಭುತ ಬರಹ ಸರ್" ಅಂತ ಕೈ ಮುಗಿಯುವ ಚಿತ್ರ ಹಾಕಬೇಡಿ. ನಿಮ್ಮ ಟೇಬಲ್ ಮೇಲೆ ಮಚ್ಛೆಯ ಮೂರು ಶಾಪಿನ ಬಿಲ್ ಇವೆ, ಮೂರನ್ನೂ ನಾನೇ ಬರೆದದ್ದು, ಯಾವುದೂ 45 ದಿನದ ಒಳಗಿನದ್ದಲ್ಲ. ನಾಳೆ ಬ್ಯಾಂಕಿಗೆ ಹಾಕಿಸಿ. ಆಮೇಲೆ ಬಂದು ಕಾಮೆಂಟ್ ಮಾಡಿ.