ಊರ ಶಾಲೆಯೋ, ವಿಶೇಷ ಶಾಲೆಯೋ?

ವಿಶೇಷ ಅಗತ್ಯದ ಮಕ್ಕಳು ಎಲ್ಲರ ಜೊತೆ ಊರಿನ ಪ್ರಾಥಮಿಕ ಶಾಲೆಯಲ್ಲೇ ಕಲಿಯಬೇಕೇ?

ಪರ
(ನಿವೃತ್ತ ಮುಖ್ಯ ಶಿಕ್ಷಕರು, ಕುಷ್ಟಗಿ)

"ನೀವು ಪರವಾಗಿ ಬರೆಯಿರಿ ಸರ್" ಎಂದರು, ಒಪ್ಪಿಕೊಂಡೆ. ಕಾನೂನಂತೂ ನನ್ನ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸಿದೆ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗು 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಉಚಿತವಾಗಿ ಕಲಿಯಬಹುದು.

ಸರ್ಕಾರಿ ಶಾಲೆಯ ನಮ್ಮ ನಲಿ-ಕಲಿ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂತು, ತಮ್ಮ ತಮ್ಮ ಕಾರ್ಡು ತಮ್ಮದೇ ವೇಗದಲ್ಲಿ ಮುಗಿಸುತ್ತಾರೆ. ನಿಧಾನ ಕಲಿಯುವ ಹುಡುಗನಿಗೆ ತಟ್ಟೆಯಲ್ಲಿ, ಅಂದರೆ ಕಲಿಕೆಯ ಗುಂಪಿನಲ್ಲಿ, ಪಕ್ಕ ಕೂತವಳೇ ಹೇಳಿಕೊಡುತ್ತಾಳೆ. ಬೇರೆ ಶಾಲೆ ಬೇಕು ಅನ್ನುವವರಿಗೆ ಇಂಥ ಮಕ್ಕಳು ಕಣ್ಣಿಗೆ ಬೀಳಬಾರದು, ಅಷ್ಟೇ. ವಿಶೇಷ ಶಾಲೆ ಅಂತ ಆರು ವರ್ಷದ ಕೂಸನ್ನು ಹಾಸ್ಟೆಲಿಗೆ ಬಿಟ್ಟು ಬರೋದು ಸುಲಭವಾ?

ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು ಇಡೀ ತಾಲೂಕು ಸುತ್ತಬೇಕು, ಹಾಗಾಗಿ ಅಪರೂಪಕ್ಕೆ ಬರುತ್ತಾರೆ. ಒಪ್ಪುತ್ತೇನೆ. ಕಿವಿ ಕೇಳದ ಮಕ್ಕಳ ವಿಷಯ ಸ್ವಲ್ಪ ಬೇರೆ, ಅದು ಇಲ್ಲಿ ಬೇಡ.

ವಿರೋಧ
(ಒಬ್ಬ ತಾಯಿ, ಸಿಂಧನೂರು ತಾಲೂಕು)

ಯಾಕೆ ಬೇಡ ಸರ್? ನನ್ನ ಮಗಳಿಗೆ ಕಿವಿ ಕೇಳುವುದಿಲ್ಲ. ನಾನು ಬರೆಯೋದೇ ಅದನ್ನು. ನೀವು ಹೇಳಿದ ಕಾನೂನಿನಲ್ಲೇ ಹತ್ತಿರದ ಶಾಲೆ "ಅಥವಾ" ತಾನು ಆರಿಸಿದ ವಿಶೇಷ ಶಾಲೆ ಅಂತ ಇದೆ. ಆ "ಅಥವಾ"ವನ್ನು ಎಲ್ಲಿ ಬಿಟ್ಟಿರಿ?

ಮೂರು ವರ್ಷ ಅವಳು ಊರ ಶಾಲೆಗೆ ಹೋದಳು. ಕ್ಯಾಂಪಿನಲ್ಲಿ ಕಿವಿಗೆ ಮಷಿನ್ ಕೊಟ್ಟಿದ್ದರು. ಅದು ಟೀಚರ್ ಮಾತನ್ನಷ್ಟೇ ದೊಡ್ಡದು ಮಾಡುತ್ತದಾ? ಬೆಂಚು ಎಳೆಯುವ ಸದ್ದು, ಫ್ಯಾನು, ರಸ್ತೆಯ ಟ್ರ್ಯಾಕ್ಟರು, ಎಲ್ಲಾ ಜಾಸ್ತಿ. ಕಿತ್ತು ಕಂಪಾಸ್ ಡಬ್ಬಿಗೆ ಹಾಕಿಬಿಡುತ್ತಿದ್ದಳು.

"ನಿಮ್ಮ ಹುಡುಗಿ ಭಾಳ ಚಂದ ಬರೀತಾಳ್ರೀ" ಎಂದು ಟೀಚರ್ ಹೊಗಳುತ್ತಿದ್ದರು. ನಿಜ, ದುಂಡಗಿನ ಅಕ್ಷರ. ಒಂದು ದಿನ ನೋಟ್‌ಬುಕ್ ತೆರೆದೆ. ಮೇಲೆ ಹೆಸರು ಬರೆಯುವ ಜಾಗದಲ್ಲಿ ಪಕ್ಕದ ಹುಡುಗನ ಹೆಸರು! ಪುಟ ತಿರುವಿದರೆ ಅಲ್ಲೂ ಅದೇ. ಅವನ ಪುಸ್ತಕ ನೋಡಿ ಅಷ್ಟನ್ನೂ ಇಳಿಸಿದ್ದಳು, ಅವನ ತಪ್ಪು ಲೆಕ್ಕಗಳ ಸಮೇತ. ಪಕ್ಕ ಕೂತವರು ಹೇಳಿಕೊಡುವುದು ಅಂದರೆ ಇದೇ ಅಲ್ವಾ ಸರ್?

ಆಮೇಲೆ ಕಿವುಡ ಮಕ್ಕಳ ಶಾಲೆಗೆ ಸೇರಿಸಿದೆ. ಅಲ್ಲಿ ಟೀಚರು, ಮಕ್ಕಳು ಎಲ್ಲರದೂ ಕೈಮಾತು. ಮೊದಲ ವಾರವೇ ಹುಡುಗಿಯರು ಅವಳಿಗೊಂದು ಸನ್ನೆಯ ಹೆಸರಿಟ್ಟರು. ಗಲ್ಲದ ಗುಳಿಗೆ ಬೆರಳೊತ್ತಿ ತಿರುಗಿಸಿದರೆ ಅವಳು. ರಜೆಗೆ ಬಂದವಳು ನನಗೂ ಒಂದು ಹೆಸರಿಟ್ಟಳು, ಸೂಜಿಗೆ ದಾರ ಪೋಣಿಸುವ ಸನ್ನೆ. ನಾನು ಹೊಲಿಗೆ ಹಾಕುತ್ತೇನಲ್ಲ. ಮಗಳು ನನ್ನನ್ನು ಕರೆದದ್ದು ಅದೇ ಮೊದಲು. ಆಗ ಅವಳಿಗೆ ಒಂಬತ್ತು ವರ್ಷ.

ಹಾಸ್ಟೆಲ್ ಅಂತ ಸುಮ್ನೆ ಹೆದರಿಸಬೇಡಿ. ಮೊರಾರ್ಜಿ ವಸತಿ ಶಾಲೆಯ ಸೀಟಿಗೆ ಇಡೀ ಊರು ಬಡಿದಾಡುವಾಗ ಯಾರೂ ಈ ಮಾತು ಎತ್ತುವುದಿಲ್ಲ. ಅವಳನ್ನು ಬಿಟ್ಟು ಬಂದ ದಿನ ಸಿಂಧನೂರು ಬರೋ ತನಕ ಬಸ್ಸಿನಲ್ಲಿ ಅತ್ತೆ, ಸುಳ್ಳು ಹೇಳುವುದಿಲ್ಲ. ಅವಳು ಮಾತ್ರ ಗೇಟಿನ ಹತ್ತಿರ ನಿಂತು, ಬೇಗ ಹೋಗು ಹೋಗು ಅಂತ ಕೈ ಬೀಸುತ್ತಿದ್ದಳು.