ಡಬಲ್ ಎಂಬ ಮಡಿಕೆ

ಫೋನ್ ನಂಬರ್ ಹೇಳುವವರಲ್ಲಿ ಎರಡು ಪಂಗಡ. 'ತ್ರೀ, ತ್ರೀ' ಎಂದು ಬಿಡಿಬಿಡಿಯಾಗಿ ಹೇಳುವವರದು ಒಂದು, 'ಡಬಲ್ ತ್ರೀ' ಎಂದು ಒಂದೇ ಉಸಿರಿಗೆ ಮುಗಿಸುವವರದು ಇನ್ನೊಂದು. ಬರೆದುಕೊಳ್ಳುವವನ ಕಷ್ಟ ಈ ಎರಡನೆಯವರಿಗೆ ತಿಳಿಯುವುದಿಲ್ಲ. 'ಡಬಲ್' ಎಂದು ಕಿವಿಗೆ ಬಿದ್ದ ಕೂಡಲೇ ಪೆನ್ನು ಕಾಗದದ ಮೇಲೆ ಅರೆಕ್ಷಣ ತೂಗಾಡುತ್ತದೆ. ಯಾವುದರ ಡಬಲ್ಲೋ ಇನ್ನೂ ಗೊತ್ತಿಲ್ಲ. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವ ಭಾಷೆಯವರಾದ ನಮಗೆ ಇದು ಅಭ್ಯಾಸವಿರಬೇಕಿತ್ತು. ಗಣಿತದ ಮೇಷ್ಟರ ಪ್ರಕಾರ ಡಬಲ್ ತ್ರೀ ಎಂದರೆ ಆರು. ಫೋನಿನಲ್ಲಿ ಅದು ಮೂವತ್ತಮೂರು.

ಡಬಲ್ ಎಂದರೆ ಎರಡು, ಅದರಲ್ಲೇನಿದೆ ಎನ್ನಬಹುದು. ನಾನು ಒಪ್ಪುವುದಿಲ್ಲ. ಹೊಸದಾಗಿ ಕಂಪ್ಯೂಟರಿನ ಮುಂದೆ ಕುಳಿತವರನ್ನು ನೋಡಿ. ಡಬಲ್ ಕ್ಲಿಕ್ ಮಾಡಿ ಎಂದರೆ ಮೌಸನ್ನು ಬಿಗಿಯಾಗಿ ಹಿಡಿದು ಒಮ್ಮೆ ಒತ್ತುತ್ತಾರೆ, ತೆರೆಯಿತೇ ಎಂದು ಪರದೆಯತ್ತ ಬಗ್ಗಿ ನೋಡುತ್ತಾರೆ, ಆಮೇಲೆ ಸಾವಕಾಶವಾಗಿ ಇನ್ನೊಮ್ಮೆ ಒತ್ತುತ್ತಾರೆ. ಫೈಲು ತೆರೆಯುವುದಿಲ್ಲ. ಬದಲಿಗೆ ಅದರ ಹೆಸರಿನ ಸುತ್ತ ಚೌಕವೊಂದು ಮೂಡಿ, ನನಗೆ ಬೇರೆ ಹೆಸರಿಡುತ್ತೀರಾ ಎಂದು ಕೇಳುವಂತೆ ಗೆರೆಯೊಂದು ಮಿಣುಕುತ್ತದೆ. ಒತ್ತಿದ್ದು ಎರಡೇ ಸಲ, ಎಣಿಕೆಯಲ್ಲಿ ತಪ್ಪಿಲ್ಲ. ಆದರೆ ವಿಂಡೋಸ್ ಸಾಮಾನ್ಯವಾಗಿ ಕೊಡುವ ಗಡುವು 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್. ಅಷ್ಟರೊಳಗೆ ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡರೆ ಡಬಲ್. ಇಲ್ಲದಿದ್ದರೆ ಬರೀ ಎರಡು.

ಈ ಅಂಟಿನ ಗುಟ್ಟು ಪದದೊಳಗೇ ಇದೆ. ಡಬಲ್ ಎಂಬುದು ಲ್ಯಾಟಿನ್ನಿನ 'ಡುಪ್ಲುಸ್' ಫ್ರೆಂಚಿನ ದಾರಿಯಲ್ಲಿ ಬಂದು ಪಡೆದ ರೂಪ. ಅದರ ಮೊದಲ ಅರ್ಧ ಎರಡು. ಉಳಿದರ್ಧಕ್ಕೆ ಪಂಡಿತರು 'ಮಡಿಸು' ಎಂಬ ಅರ್ಥದ ಬೇರಿನೊಂದಿಗೆ ನಂಟು ಹಾಕುತ್ತಾರೆ. ನಮ್ಮ 'ಇಮ್ಮಡಿ'ಯಲ್ಲೂ ಇರುವುದು ಮಡಿಯೇ. ಇಂಗ್ಲಿಷರು ರಾಜರನ್ನು ಮೊದಲನೆಯವ, ಎರಡನೆಯವ ಎಂದು ಸಾಲಾಗಿ ನಿಲ್ಲಿಸಿದರೆ, ನಾವು ಪುಲಕೇಶಿಯನ್ನು ಇಮ್ಮಡಿಯಾಗಿಯೂ ಕೃಷ್ಣರಾಜ ಒಡೆಯರನ್ನು ನಾಲ್ವಡಿಯಾಗಿಯೂ ಮಡಿಸಿಟ್ಟಿದ್ದೇವೆ.

ಕಾಗದ ಮಡಿಸಿದರೆ ದಪ್ಪ ಇಮ್ಮಡಿಯಾಗುತ್ತದೆ, ಉದ್ದ ಅರ್ಧವಾಗುತ್ತದೆ. ಒಂದೇ ಕೈಚಳಕದಲ್ಲಿ ಲಾಭವೂ ನಷ್ಟವೂ ಆಗಿಹೋಗುತ್ತದೆ. ಅದಕ್ಕೇ ಯಾವ ಕಾಗದವನ್ನೂ ಏಳೆಂಟು ಸಲಕ್ಕಿಂತ ಹೆಚ್ಚು ಮಡಿಸಲಾಗದು ಎಂಬ ಮಾತು ಚಾಲ್ತಿಯಲ್ಲಿತ್ತು. 2002ರಲ್ಲಿ ಕ್ಯಾಲಿಫೋರ್ನಿಯದ ಶಾಲಾ ವಿದ್ಯಾರ್ಥಿನಿ ಬ್ರಿಟ್ನಿ ಗ್ಯಾಲಿವನ್ ಸುಮಾರು 1,200 ಮೀಟರ್ ಉದ್ದದ ಟಾಯ್ಲೆಟ್ ಪೇಪರನ್ನು 12 ಸಲ ಮಡಿಸಿ ತೋರಿಸಿದಳು. ಹನ್ನೆರಡೇ ಮಡಿಕೆ, ಆದರೆ 4,096 ಪದರ! ಕಿಲೋಮೀಟರಿಗೂ ಮಿಕ್ಕಿದ ಕಾಗದ ಕೊನೆಗೆ ಒಂದು ಗುಪ್ಪೆಯಾಗಿ ಕುಳಿತಿತು.

ಮಡಿಕೆಗೆ ಇನ್ನೊಂದು ಗುಣವಿದೆ: ಒಳಮುಖ ಕಾಣುವುದಿಲ್ಲ. ಕಾಗದಕ್ಕೆ ಇದರಿಂದ ತೊಂದರೆಯಿಲ್ಲ, ಮನುಷ್ಯನಿಗಿದೆ. ಸಂಬಳ ಡಬಲ್ ಆದರೆ ಸಂತೋಷ. ಏಜೆಂಟ್ ಡಬಲ್ ಆದರೆ ಗಲ್ಲು. ಕಪಟಕ್ಕೆ ಇಂಗ್ಲಿಷಿನಲ್ಲಿರುವ ಡುಪ್ಲಿಸಿಟಿಯೂ ಇದೇ ಮನೆತನದ್ದು. ನಾವಂತೂ ಮಡಿಕೆಯ ಹಂಗೂ ಇಲ್ಲದೆ ಬರೀ ಎಣಿಕೆಯಲ್ಲೇ ಕೆಲಸ ಮುಗಿಸಿದ್ದೇವೆ: ಉಂಡ ಮನೆಗೆ ಎರಡು ಬಗೆಯುವವನು ಎಂದರೆ ಸಾಕು, ಆಸಾಮಿ ಎಂಥವನೆಂದು ಯಾರೂ ವಿವರಿಸಬೇಕಿಲ್ಲ. ಎರಡು ನಾಲಗೆ, ಎರಡು ಮನಸ್ಸು ಎಲ್ಲವೂ ಅದೇ ಜಾಡು. ಡೌಟ್ ಎಂಬ ಪದದ ಮೂಲದಲ್ಲೂ ಲ್ಯಾಟಿನ್ನಿನ ಎರಡು ಅಡಗಿದೆ. ಅದರ ನಡುವೆ ಉಚ್ಚಾರವಿಲ್ಲದೆ ಕುಳಿತಿರುವ 'ಬಿ' ಅಕ್ಷರ, ಲ್ಯಾಟಿನ್ ಬಲ್ಲವರು ಆ ವಂಶಾವಳಿ ನೆನಪಿರಲೆಂದು ಆಮೇಲೆ ತುರುಕಿದ್ದು. ಓದುವ ಮಕ್ಕಳಿಗೆ ವಂಶಾವಳಿಯ ನೆನಪಾಗುವುದಿಲ್ಲ, ಸ್ಪೆಲಿಂಗಿನ ಡೌಟು ಮಾತ್ರ ಉಳಿಯುತ್ತದೆ.

ಇದೇ ಬಳಗದ 'ಡ್ಯುಯಲ್' ಸಾಧು ಪದ. ಅಲ್ಲಿ ಮಡಿಕೆಯಿಲ್ಲ, ಎರಡೂ ಅಕ್ಕಪಕ್ಕ ಮುಖ ಕಾಣುವಂತೆ ಕುಳಿತಿರುತ್ತವೆ. ಡ್ಯುಯಲ್ ಸಿಮ್ ಎನ್ನುತ್ತೇವೆಯೇ ಹೊರತು ಡಬಲ್ ಸಿಮ್ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗುವುದಿಲ್ಲ. ತೊಡಕೆಂದರೆ, ದ್ವಂದ್ವಯುದ್ಧಕ್ಕೂ ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಇದೇ ಉಚ್ಚಾರ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಆ ಪದ ಬಂದಿದ್ದು ಎರಡರಿಂದಲ್ಲ, ಯುದ್ಧ ಎಂಬರ್ಥದ ಹಳೆಯ ಲ್ಯಾಟಿನ್ ಪದದಿಂದ. ಆದರೂ ಒಂದು ಸಿಮ್‌ಗೆ ಸಿಗ್ನಲ್ ಇಲ್ಲದೆ, ಇನ್ನೊಂದಕ್ಕೆ ಕರೆನ್ಸಿ ಇಲ್ಲದೆ, ಪ್ರತಿ ಕರೆಗೂ ಮುಂಚೆ 'ಯಾವುದರಿಂದ?' ಎಂದು ಫೋನು ಕೇಳುವಾಗ, ಪೆಟ್ಟಿಗೆಯ ಮೇಲೆ ಅಚ್ಚಾದದ್ದು ಯಾವ ಡ್ಯುಯಲ್ ಎಂದು ವಿಚಾರಿಸಬೇಕೆನಿಸುತ್ತದೆ.