ಮೇಲುಕೋಟೆ ದಾರಿ ಬಿಟ್ಟುಬಿಟ್ರಲ್ಲ!

ಮೈಸೂರು ಸುತ್ತಲಿನ ಸೈಕಲ್ ದಾರಿಗಳು ಅಂತ ಬರೆದು ಚಾಮುಂಡಿ ಬೆಟ್ಟಕ್ಕೇ ನಿಲ್ಲಿಸಿದ್ದೀರಿ. ಮೇಲುಕೋಟೆ ಯಾಕೆ ಬೇಡವಾಯ್ತು? ಪಾಂಡವಪುರದ ಮೇಲೆ, ತೊಣ್ಣೂರು ಕೆರೆ ನೋಡಿಕೊಂಡು ಹೋದರೆ ಸುಮಾರು 50 ಕಿ.ಮೀ. ಕಬ್ಬಿನ ಗದ್ದೆ ಮುಗಿದು ಏರಿಳಿತ, ಕುರುಚಲು ಕಾಡು ಶುರುವಾಗುತ್ತದೆ. ತೋಳಗಳಿಗಾಗಿ 1974ರಲ್ಲಿ ಮಾಡಿದ ವನ್ಯಧಾಮ ಇರುವುದು ಇಲ್ಲೇ. ಕೊನೆಯ ಏರು ಮಾತ್ರ ತೊಡೆ ನಡುಗಿಸುತ್ತದೆ, ಆಮೇಲೆ ಪುಳಿಯೋಗರೆ ಇದೆಯಲ್ಲ!

ಶ್ರೀರಂಗಪಟ್ಟಣದವರೆಗೆ ಸರ್ವೀಸ್ ರಸ್ತೆಯೇ ಗತಿ. ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕ್, ಸೈಕಲ್ ಬಿಡುವುದಿಲ್ಲ.

ಸುಗ್ಗಿಯಲ್ಲಿ ಹೋಗುವವರು ಹುಷಾರು. ಹಳ್ಳಿಗಳಲ್ಲಿ ಹುರುಳಿ, ರಾಗಿ ಒಕ್ಕಣೆ ರಸ್ತೆ ಮೇಲೇ ನಡೆಯುತ್ತದೆ. ಹುರುಳಿ ಬಳ್ಳಿ ಗೇರ್‌ಗೆ ಸುತ್ತಿಕೊಂಡರೆ ಬಿಡಿಸೋದು ಸುಲಭವಲ್ಲ. ರೈತರ ಜೊತೆ ಜಗಳ ಬೇಡ, ಅವರಿಗೂ ಕಣ ಇಲ್ಲ. ಇಳಿದು ಸೈಕಲ್ ಎತ್ತಿಕೊಂಡು ದಾಟಿ.